ಮಗಳ ಜೊತೆ ಟರ್ಕಿ ಹಕ್ಕಿಗೆ ಮರಸು ಕೂರೋದು: ಬಿಲ್ಲು ಸರೀನಾ?

ವಿಸ್ಕಾನ್ಸಿನ್ ಅಪ್ಪ: ಮಗಳಿಗೆ 13 ವರ್ಷ. ಬಿಲ್ಲು ಇಲ್ಲಿ ಅಮೆರಿಕದ ಶಾಲೆಯಲ್ಲೇ ಕಲಿತಳು, ಬೇಟೆ ಸುರಕ್ಷತೆಯ ಕೋರ್ಸೂ ಮುಗಿಸಿದ್ದಾಳೆ. ಈ ಮೇನಲ್ಲಿ ಸ್ನೇಹಿತನ ಹೊಲದ ಅಂಚಿಗೆ ಡೇರೆಯಂಥ ಬ್ಲೈಂಡ್ ಹಾಕಿ, ಅದರೊಳಗೆ ಅಡಗಿ ಕೂತು ಕಾಡು ಟರ್ಕಿಗೆ ಕಾಯುತ್ತಿದ್ದೇವೆ. ಅವಳ ಕೈಲಿ ಬಿಲ್ಲು, ನನ್ನ ಕೈಲಿ ಕಾಫಿ ಫ್ಲಾಸ್ಕು. ಹಾಸನದಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ! ನೀವೇನಂತೀರಿ?

ಸೊಪ್ಪಿನಸಾರು: ತಪ್ಪು ಅಂತೀನಿ. ಒಂದು ಜೀವ ತೆಗೆಯೋಕೆ ಮಗೂನ ಬೆಳಗಿನ ಜಾವ ಎಬ್ಬಿಸಬೇಕಾ? ನಮ್ಮ ದೇಶದಲ್ಲಿ 1972ರಲ್ಲೇ ವನ್ಯಜೀವಿ ಕಾನೂನು ಬಂತು.

ಮಿಜೂರಿ ಮಂಜ: ಸಾರು ಅವರೇ, ಇಲ್ಲಿನ ಕಥೆ ಬೇರೆ. ವಿಸ್ಕಾನ್ಸಿನ್‌ನಲ್ಲಿ ಒಂದು ಕಾಲಕ್ಕೆ ಟರ್ಕಿ ಪೂರ್ತಿ ಇಲ್ಲವಾಗಿತ್ತು. 1976ರಲ್ಲಿ ನಮ್ಮ ಮಿಜೂರಿ ರಾಜ್ಯದಿಂದ ಹಿಡಿದು ತಂದು ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ನಮಗೆ ಅಲ್ಲಿನ ಗ್ರೌಸ್ ಹಕ್ಕಿ ಕೊಟ್ಟರು, ಸಂತೆ ವ್ಯಾಪಾರದ ಥರ. ಇಂಥ ಕೆಲಸಕ್ಕೆ ಬೇಟೆ ಲೈಸೆನ್ಸಿನ ದುಡ್ಡು, ಬಂದೂಕಿನ ತೆರಿಗೆ ಹೋಗುತ್ತದೆ. ತೆರಿಗೆ 1937ರ ಕಾನೂನಿನದು, ಬಿಲ್ಲು ಬಾಣ ಆಮೇಲೆ ಸೇರಿತು.

ಸೊಪ್ಪಿನಸಾರು: ತೆರಿಗೆ ಕಟ್ಟಿದರೆ ಕೊಲ್ಲೋಕೆ ರಸೀದಿ ಸಿಕ್ಕಂಗಾ? ಹಕ್ಕಿ ಉಳಿದಿದ್ದು ಸಂತೋಷ. ನಾನು ಕೇಳಿದ್ದು ಮಗುವಿನ ಬಗ್ಗೆ.

ತೋಟದ ಮನೆ: ನಮ್ಮ ತಾತ ಸಕಲೇಶಪುರದ ಕಡೆ ಮರಸು ಕೂರ್ತಿದ್ದರು, ಆ ಕಾಲದಲ್ಲಿ. ಹಾಗಾಗಿ ಬೇಟೆಗೆ ನನ್ನ ತಕರಾರಿಲ್ಲ, ಬಿಲ್ಲಿಗಿದೆ. ಟರ್ಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಮುಕ್ಕಾಲು ಪಾಲು ಪುಕ್ಕ. ಬಾಣ ಬೀಳಬೇಕಾದ ಜಾಗ ಮುಷ್ಟಿಯಷ್ಟು. ಸ್ವಲ್ಪ ತಪ್ಪಿದರೂ ಹಕ್ಕಿ ಗಾಯ ಹೊತ್ತು ಪೊದೆ ಸೇರುತ್ತದೆ, ಎಲ್ಲೋ ನರಳಿ ಸಾಯುತ್ತದೆ. ಬಂದೂಕಿನ ಚರೆ ತಲೆಗೆ ಬಿದ್ದರೆ ಅಲ್ಲೇ ಮುಗಿಯಿತು. ಮಗುವಿಗೆ ಮೊದಲು ಬಂದೂಕೇ ಕೊಡಿ.

ಮಿಜೂರಿ ಮಂಜ: ಅದು ನಿಜ. ಅದಕ್ಕೇ ಹತ್ತು ಹದಿನೈದು ಗಜಕ್ಕಿಂತ ದೂರಕ್ಕೆ ಬಾಣ ಬಿಡಲೇಬಾರದು. ಟರ್ಕಿಗೆ ಮೂಗು ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಭಯಂಕರ. ಬಯಲಲ್ಲಿ ಹೆದೆ ಎಳೆದರೆ ಮುಗೀತು, ಓಡಿಬಿಡುತ್ತದೆ. ಬ್ಲೈಂಡಿನ ಹಿಂದಿನ ಕಿಟಕಿ ಮುಚ್ಚಿ, ಇಬ್ಬರೂ ಕಪ್ಪು ಬಟ್ಟೆ ಹಾಕಿ. ಹಕ್ಕಿ ಸೆಳೆಯೋಕೆ ಇಡೋ ಎಳೆ ಹುಂಜದ ಬೊಂಬೆಯ ಮುಖ ನಿಮ್ಮ ಕಡೆಗಿರಲಿ. ದೊಡ್ಡ ಹುಂಜ ಅದರ ಜೊತೆ ಜಗಳಕ್ಕೆ ಅಂತ ಸುತ್ತಿ ಮುಂದೆ ಬರುತ್ತದೆ, ನಿಮಗೆ ಬೆನ್ನು. ಬಾಲ ಬಿಚ್ಚಿದಾಗ ಅದಕ್ಕೇ ಹಿಂದಿನದು ಕಾಣಲ್ಲ. ಆಗ ಹೆದೆ ಎಳೀಬೇಕು.

ಸೊಪ್ಪಿನಸಾರು: ಪಾಪ, ಅದರ ಜಂಬವೇ ಅದಕ್ಕೆ ಮುಳುವಾಯ್ತಲ್ಲ.

ವಿಸ್ಕಾನ್ಸಿನ್ ಅಪ್ಪ: ತೋಟದ ಮನೆಯವರೇ, ನೀವು ಹೇಳಿದ ಹೆದರಿಕೆ ನನಗೂ ಇತ್ತು. ಶನಿವಾರ ಏನಾಯ್ತು ಕೇಳಿ. ಆರೂ ಕಾಲಿಗೆ ಹುಂಜ ಬಂತು, ಕತ್ತು ಕೆಂಪಗೆ, ರೆಕ್ಕೆ ನೆಲಕ್ಕೆ ಉಜ್ಜುತ್ತಾ ಸರ್‌ರ್ ಅಂತ ಸದ್ದು. ಎಂಟು ಗಜವೂ ಇರಲಿಲ್ಲ. ಅವಳು ಹೆದೆ ಎಳೆದಳು. ನನ್ನ ಎದೆ ಬಡಿತ ಹುಂಜಕ್ಕೆ ಕೇಳಿಸೀತು ಅನ್ನಿಸಿತು. ಅಷ್ಟರಲ್ಲಿ ಹುಂಜದ ಹಿಂದೆ ಒಂದು ಹೇಂಟೆ ಬಂದು ನಿಂತಿತು. ನಾನು "ಬಾಣ ಬಿಡು" ಅಂತ ಪಿಸುಗುಟ್ಟಿದೆ. ಅವಳು ಬಿಡಲಿಲ್ಲ. ತೋಳು ನಡುಗೋವರೆಗೆ ಹಿಡಿದು, ಆಮೇಲೆ ಮೆಲ್ಲಗೆ ಇಳಿಸಿದಳು. ಹುಂಜ ಹೋಯ್ತು. "ಬಾಣ ತೂರಿ ಹೋದ್ರೆ ಅದಕ್ಕೂ ಬೀಳ್ತಿತ್ತಲ್ಲ ಅಪ್ಪ" ಅಂದಳು. ನನಗೆ ಹೇಂಟೆ ಕಂಡೇ ಇತ್ತು, ಸುಮ್ನೆ ಆತುರ.

ತೋಟದ ಮನೆ: ಹಾಗಾದರೆ ಬಿಲ್ಲು ಅವಳ ಹತ್ರಾನೇ ಇರಲಿ. ನೀವು ಫ್ಲಾಸ್ಕ್ ನೋಡ್ಕೊಳ್ಳಿ.

ಸೊಪ್ಪಿನಸಾರು: ನಾನು ಈಗಲೂ ಒಪ್ಪಲ್ಲ. ಆದರೆ ಆ ಹುಡುಗಿ ನನಗಿಷ್ಟ ಆದಳು. ಅಮ್ಮನಿಗೆ ಫೋನ್ ಮಾಡಿ ಮೊದಲು.