ಚಿತ್ರಪುಸ್ತಕ ಹೇಗೆ ಹುಟ್ಟುತ್ತೆ ಅಂತ ಮಕ್ಕಳಿಗೆ ತೋರಿಸೋದು ಹೇಗೆ?

ಕೇಳಿದವರು, ಪುಣೆಯ ಕೋಥ್ರೂಡ್‌ನಿಂದ:
ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳನ್ನ ಭಾನುವಾರ ಸೇರಿಸಿ ಕತೆ ಓದ್ತೀವಿ. ಆರರಿಂದ ಒಂಬತ್ತು ವರ್ಷದವರು. ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ಓದಿದ್ಮೇಲೆ ‘ಈ ಚಿತ್ರ ಹೇಗೆ ಮಾಡಿದ್ರು?’ ಅಂತ ಕೇಳ್ತಾನೇ ಇದ್ದಾರೆ. ಹುಳದ ಚಿತ್ರಕ್ಕೆ ಬಣ್ಣ ತುಂಬಿಸಿ ಮುಗಿಸೋಕೆ ಮನಸ್ಸಿಲ್ಲ. ಯಾರಾದ್ರೂ ಮಾಡಿಸಿದ್ದೀರಾ?

ಡೊಂಬಿವಲಿಯಿಂದ:
ಮಾಡಿಸಿದ್ದೀನಿ ಅಕ್ಕ. ದಯವಿಟ್ಟು ಒಂದೇ ದಿನದಲ್ಲಿ ಮುಗಿಸಬೇಡಿ. ಮೊದಲ ವಾರ ಚಿತ್ರದ ಮಾತೇ ಬೇಡ, ಕಾಗದಕ್ಕೆ ಬಣ್ಣ ಬಳಿಯೋದಷ್ಟೇ. ಕಾರ್ಲ್ ಕೆಲಸ ನಡೀತಿದ್ದದ್ದೂ ಹಾಗೇ. ತೆಳ್ಳಗಿನ ಟಿಶ್ಯೂ ಕಾಗದಕ್ಕೆ ಅಕ್ರಿಲಿಕ್ ಬಳಿದು, ಒಣಗಿಸಿ, ಬಣ್ಣದ ಪ್ರಕಾರ ಡ್ರಾಯರ್‌ಗಳಲ್ಲಿ ಜೋಡಿಸಿಡ್ತಿದ್ರು. ಆಮೇಲೆ ಬೇಕಾದ ಕಾಗದ ತೆಗೆದು, ಕತ್ತರಿಸಿ, ಅಂಟಿಸ್ತಿದ್ರು. ಬಣ್ಣ ಬಳಿಯೋಕೆ ಬ್ರಷ್ಷೇ ಬೇಕು ಅಂತಿಲ್ಲ, ಬೆರಳು, ಸ್ಪಂಜು, ಕಾರ್ಪೆಟ್ ಚೂರು ಎಲ್ಲವೂ ಅವರಿಗೆ ಆಗ್ತಿತ್ತು.

ನಮ್ಮಲ್ಲೊಬ್ಬಳು ಹಸಿ ಬಣ್ಣದ ಮೇಲೆ ಹಳೇ ಬಾಚಣಿಗೆ ಎಳೆದಳು. ಮುಂದಿನ ವಾರ ಒಣಗಿದ ಹಾಳೆ ಕೈಗೆ ಕೊಟ್ರೆ, ಅತ್ತ ಇತ್ತ ತಿರುಗಿಸಿ ‘ಇದು ಅಜ್ಜಿ ಊರಿನ ತೆಂಗಿನ ಗರಿ’ ಅಂದಳು. ಏನು ಬಿಡಿಸಬೇಕು ಅಂತ ನಾವ್ಯಾರೂ ಹೇಳಿರಲಿಲ್ಲ, ಕಾಗದದಿಂದಲೇ ಅವಳ ಕತೆ ಹುಟ್ಟಿತು. ಈ ಕ್ಷಣಕ್ಕೆ ಜಾಗ ಬೇಕು ಅಂದ್ರೆ ನಡುವೆ ಒಂದು ವಾರದ ಬಿಡುವು ಇರಲೇಬೇಕು.

ಬಣ್ಣಕ್ಕೆ ನೀರು ಜಾಸ್ತಿ ಆದ್ರೆ ಕಾಗದ ಹರಿಯುತ್ತೆ. ಕಾಗದದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಮಳೆಗಾಲದಲ್ಲಿ ರಾತ್ರಿಯೆಲ್ಲ ಫ್ಯಾನ್ ಕೆಳಗಿರಲಿ.

ಮಾಟುಂಗಾದಿಂದ:
ಪಂಚಿಂಗ್ ಮೆಷಿನ್ ಒಂದನ್ನ ಖಂಡಿತ ತಗೊಂಡು ಹೋಗಿ. 1969ರ ಆ ಪುಸ್ತಕ ಶುರುವಾದದ್ದೇ ಅದರಿಂದ. ಕಾಗದದ ಕಟ್ಟಿಗೆ ತೂತು ಹಾಕ್ತಾ ಕಾರ್ಲ್‌ಗೆ ಪುಸ್ತಕ ತಿನ್ನೋ ಹುಳ ಹೊಳೆಯಿತು. ಮೊದಲ ಕತೆಯಲ್ಲಿ ಬರೀ ಹುಳ, ಹೆಸರು ವಿಲ್ಲಿ. ಕಂಬಳಿಹುಳ ಮಾಡಿದ್ರೆ ಹೇಗೆ ಅಂತ ಸೂಚಿಸಿದವರು ಸಂಪಾದಕಿ ಆನ್ ಬೆನೆಡ್ಯೂಸ್. ಚಿಟ್ಟೆಗೆ ದಾರಿಯಾದದ್ದು ಹಾಗೆ. ತೂತಿನ ಪುಟಗಳನ್ನ ಅಮೆರಿಕದಲ್ಲಿ ಅಚ್ಚು ಮಾಡಿಸೋದು ದುಬಾರಿ ಅಂತ ಜಪಾನಿನಲ್ಲಿ ಮುದ್ರಿಸಿದ್ರು.

ಇದನ್ನ ಹೇಳಿದ್ಮೇಲೆ ಮಕ್ಕಳ ಜೋಡಿ ಮಾಡಿ. ಒಬ್ಬರು ಕತೆ ಹೇಳಲಿ, ಇನ್ನೊಬ್ಬರು ಸಂಪಾದಕರಾಗಿ ಒಂದೇ ಒಂದು ಪ್ರಶ್ನೆ ಕೇಳಲಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅನ್ನೋ ಹಾಗಿಲ್ಲ. ‘ನಿನ್ನ ಮೀನು ರಾತ್ರಿ ಎಲ್ಲಿ ಮಲಗುತ್ತೆ?’ ಅಂತ ಒಬ್ಬ ಕೇಳಿದ್ದಕ್ಕೆ ಕತೆಗೆ ಎರಡು ಪುಟ ಜಾಸ್ತಿಯಾಯ್ತು.

ಮಡಗಾಂವ್‌ನಿಂದ:
ನಾನಾದ್ರೆ ಡಮ್ಮಿ ಪುಸ್ತಕದ ಮೇಲೇ, ಅಂದ್ರೆ ಅಸಲಿ ಪುಸ್ತಕಕ್ಕೆ ಮುಂಚೆ ಮಾಡೋ ಕಚ್ಚಾ ಪ್ರತಿಯ ಮೇಲೇ, ಹೆಚ್ಚು ಹೊತ್ತು ಕೊಡ್ತೀನಿ. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರ್ತವೆ, ಮಕ್ಕಳಿಗೆ ಅರ್ಧ ಸಾಕು. ದೊಡ್ಡ ಹಾಳೆಯೊಂದನ್ನ ಮೂರು ಸಲ ಮಡಿಸಿ ಅಂಚು ಕತ್ತರಿಸಿದ್ರೆ 8 ಎಲೆ, 16 ಪುಟ. ಪೆನ್ಸಿಲ್ಲಿನ ಕಡ್ಡಿ ಬೊಂಬೆಗಳಷ್ಟೇ ಇರಲಿ. ಪುಟ ತಿರುವಿದಾಗ ಏನು ಕಾಣಬೇಕು ಅನ್ನೋದು ಇಲ್ಲೇ ತೀರ್ಮಾನ ಆಗೋದು. ಆರು ವರ್ಷದವರಿಗೆ ಮಡಿಸೋಕೆ ಕಷ್ಟ, ನೀವೇ ಮಡಿಸಿಡಿ.

ಪುಣೆಯ ಸದಾಶಿವ ಪೇಠದಿಂದ:
ಕಾರ್ಲ್ ಒಬ್ಬರಲ್ಲೇ ನಿಲ್ಲಬೇಡಿ. ಮಾಧುರಿ ಪುರಂದರೆ ನಮ್ಮ ಪುಣೆಯವರೇ, ಬರೆಯೋದೂ ಚಿತ್ರ ಬಿಡಿಸೋದೂ ಅವರೇ. 2014ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಶಾಲೇಲಿ ಮರಾಠಿ ಕಲಿಯೋ ಮಕ್ಕಳು ತಾವೇ ಓದ್ತಾರೆ. ಯಶ್ ಅನ್ನೋ ಪುಟ್ಟ ಹುಡುಗನ ಪುಸ್ತಕಗಳಲ್ಲಿ ಇರೋದು ನಮ್ಮ ನಿಮ್ಮಂಥ ಮನೆಗಳೇ. ಅದನ್ನ ನೋಡಿದ್ಮೇಲೆ ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಬಾಲ್ಕನಿಯಲ್ಲಿ ಕೂರಿಸಿ, ವಾಚ್‌ಮನ್ ಕಾಕಾ ಕೂರೋ ಭಂಗಿ ಬಿಡಿಸಲಿ. ಎರಡು ಥರದ ಕಲಾವಿದರನ್ನ ಕಂಡ್ರೆ ಮಕ್ಕಳು ಒಂದೇ ದಾರಿಗೆ ಅಂಟಿಕೊಳ್ಳಲ್ಲ.

ಕಾಗದ, ಬಣ್ಣ ಎಲ್ಲ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಸಿಗುತ್ತೆ. ಬಿಳೀದನ್ನೇ ಕೇಳಿ ತಗೊಳ್ಳಿ, ಬಣ್ಣ ಹಾಕಿಟ್ಟ ಕಾಗದ ತಂದ್ರೆ ಮಕ್ಕಳಿಗೆ ಮೊದಲ ವಾರದ ಕೆಲಸವೇ ಇರಲ್ಲ.