ತಾತನ ಪೆಟ್ಟಿಗೆಯ ತೋಟೆಗಳು: ಅನುಭವವಿರುವವರಲ್ಲಿ ಒಂದು ಕೋರಿಕೆ

ಸಕಲೇಶಪುರದಿಂದ, ಕೇಳಿದವರು:
ನಮ್ಮ ತಾತನವರ ಪೆಟ್ಟಿಗೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ದೊಡ್ಡ ಹಿತ್ತಾಳೆ ಶೆಲ್ ಕೇಸ್ (ತೋಪಿನ ಮದ್ದು ತುಂಬುವ ಕೊಳವೆ) ಒಂದು, ಎಂಟು ಖಾಲಿ .303 ರೈಫಲ್ ತೋಟೆಗಳು ಮತ್ತು ಗುಂಡು ಇನ್ನೂ ಮೂತಿಯಲ್ಲೇ ಇರುವ ಎರಡು ತೋಟೆಗಳು ಸಿಕ್ಕಿವೆ. ಇವನ್ನು ಹೊಳಪು ಮಾಡಿಸಿ ಗಾಜಿನ ಬೀರುವಿನಲ್ಲಿ ಇಡಬೇಕೆಂದಿದ್ದೇನೆ. ಮುಂದೆ ಇಂಥವನ್ನೇ ಸಂಗ್ರಹಿಸುವ ಆಸೆಯೂ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮೂಡಿಗೆರೆಯಿಂದ:
ಮೊದಲು ಆ ಎರಡು ತೋಟೆಗಳ ವಿಚಾರ. ಅವನ್ನು ಇದ್ದಲ್ಲೇ ಬಿಟ್ಟು ಠಾಣೆಗೆ ಫೋನ್ ಮಾಡಿ. ನೀವೇ ಹೊತ್ತುಕೊಂಡು ಹೋಗಬೇಡಿ. ತೋಟೆಯ ತಳದ ನಡುವೆ ಇರುವ, ಸೂಜಿ ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಮೇಲೆ ಕುಳಿ ಬಿದ್ದಿರುವುದನ್ನು ಕಂಡು ಹಾರಿಸಿದ ತೋಟೆಯೇ ಇರಬೇಕೆಂದು ಸಮಾಧಾನ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಆದರೆ ಗುಂಡು ಮೂತಿಯಲ್ಲಿದ್ದು ಕೇಪಿನಲ್ಲಿ ಕುಳಿ ಇದ್ದರೆ, ಅದು ಹಾರದೆ ಹುಸಿಹೋದ ತೋಟೆಯಾಗಿರುವ ಸಂಭವವೇ ಹೆಚ್ಚು. ಅಲ್ಲಾಡಿಸಿದಾಗ ಸದ್ದು ಬರಲಿಲ್ಲ ಎಂಬುದೂ ಪುರಾವೆಯಲ್ಲ, ಏಕೆಂದರೆ ಆ ಕಾಲದ ಬ್ರಿಟಿಷ್ ಮಾದರಿಯ ತೋಟೆಗಳಲ್ಲಿ ಹೆಚ್ಚಾಗಿ ಇದ್ದ ಕಾರ್ಡೈಟ್ ಮದ್ದು ಪುಡಿಯಲ್ಲ, ಒತ್ತುಶಾವಿಗೆಯ ಎಳೆಗಳಂತೆ ಒತ್ತಾಗಿ ನಿಂತಿರುವ ಕಡ್ಡಿಗಳು. ಸೈನ್ಯದವರು ಕವಾಯತಿಗೆಂದು ಮಾಡಿಸಿದ ನಿರ್ಜೀವ ತೋಟೆಗಳ ಪಕ್ಕೆಯಲ್ಲಿ ತೂತು ಕೊರೆದಿರುತ್ತಾರೆ, ಇಲ್ಲವೆ ಉದ್ದಕ್ಕೆ ಗೀರು ತೋಡಿ ಕೆಂಪು ಬಣ್ಣ ಬಳಿದಿರುತ್ತಾರೆ. ನಾನು ತೆಗೆದುಕೊಳ್ಳುವುದು ಒಳಗು ಕಣ್ಣಿಗೆ ಕಾಣುವಂಥವನ್ನು ಮಾತ್ರ.

ಹೊಳಪಿನ ಆಸೆಯನ್ನು ಬಿಡಿ. ನಾನು ಮೊದಲು ತಂದ ತೋಟೆಗೆ ದೇವರ ದೀಪಕ್ಕೆ ಹಚ್ಚುವಂತೆ ಹುಣಸೆಹುಳಿ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಿತ್ತಾಳೆಯ ಹಳದಿ ಹೋಗಿ ಅಲ್ಲಲ್ಲಿ ತಾಮ್ರದ ನಸುಗೆಂಪು ಎದ್ದಿತ್ತು. ಹುಳಿಯು ಸತುವನ್ನು ತಿಂದುಹಾಕಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಕೇಪಿನ ಸುತ್ತ ಇದ್ದ ನೇರಳೆ ಅರಗಿನ ಉಂಗುರ ಅಳಿಸಿಹೋದದ್ದು. .303ರಲ್ಲಿ ನೇರಳೆ ಎಂದರೆ ಸಾಮಾನ್ಯ ಗುಂಡು, ಕೆಂಪು ಎಂದರೆ ಬೆಳಕಿನ ಗೆರೆ ಬಿಡುವ ಟ್ರೇಸರ್, ಹಸಿರು ಎಂದರೆ ಉಕ್ಕನ್ನು ಭೇದಿಸುವ ಗುಂಡು. ತಳದಲ್ಲಿ ಇಂಗ್ಲಿಷಿನ ಕೆ ಮತ್ತು ಎಫ್ ಇದ್ದರೆ ಅದು ಪುಣೆಯ ಖಡ್ಕಿ ಕಾರ್ಖಾನೆಯದು, ಪಕ್ಕದ ಎರಡಂಕಿ ಅದು ತಯಾರಾದ ವರ್ಷ. ಇವು ಅಳಿಸಿದ ಮೇಲೆ ಉಳಿಯುವುದು ಗುಜರಿಯವನು ತೂಗುವ ಹಿತ್ತಾಳೆ ಅಷ್ಟೆ. ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಮೇಣ ಹಚ್ಚಿದರೆ ಸಾಕು.

ಇನ್ನು ಇಡುವ ಜಾಗ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ಹಿತ್ತಾಳೆ ತೋಟೆಗಳು ಮಳೆಗಾಲ ಬಂದೊಡನೆ ತಾವಾಗಿಯೇ ಬಿರಿಯುತ್ತಿದ್ದವು. ಋತುವಿನ ಬಿರುಕು ಎಂದೇ ಅದಕ್ಕೆ ಹೆಸರು ಬಿತ್ತು. ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ ಮತ್ತು ಕುದುರೆ ಗಂಜಲದಿಂದ ಏಳುವ ಅಮೋನಿಯಾ ಎರಡೂ ಕೂಡಿ ಹೀಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ನಮ್ಮ ಕಡೆಯ ಜುಲೈ ತಿಂಗಳ ಥಂಡಿಯಲ್ಲಿ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯೂ ಆ ಲಾಯವೂ ಒಂದೇ. ಅಮೋನಿಯಾ ಇರುವ ಪಾಲಿಶ್ ಕೂಡ ಬೇಡ.

ಹಾಸನದಿಂದ, ತೋಪುಪಡೆಯಲ್ಲಿದ್ದವರು:
ನಿಮ್ಮ ದೊಡ್ಡ ಕೇಸ್ 25 ಪೌಂಡರ್ ಎಂಬ ಬ್ರಿಟಿಷ್ ತೋಪಿನದು ಇರಬಹುದು. ಹಾಗಿದ್ದರೆ ಬಾಯಿಯ ಒಳ ಅಗಲ 9 ಸೆಂಟಿಮೀಟರಿನ ಹತ್ತಿರವಿದ್ದು, ತಳದಲ್ಲಿ 25 ಪಿಆರ್ ಎಂಬ ಮುದ್ರೆ ಇರುತ್ತದೆ. ಆ ತೋಪಿಗೆ ಸುಮಾರು 11.3 ಕಿಲೋ ತೂಕದ ಶೆಲ್ಲನ್ನು, ಎಂದರೆ ಹಾರುವ ಗುಂಡನ್ನು, ಮೊದಲು ತುರುಕಿ, ಕೆಂಪು, ಬಿಳಿ, ನೀಲಿ ಚೀಲಗಳಲ್ಲಿ ಮದ್ದು ತುಂಬಿದ ಕೇಸನ್ನು ಆಮೇಲೆ ಪ್ರತ್ಯೇಕವಾಗಿ ಹಾಕುತ್ತಿದ್ದರು. ಆದ್ದರಿಂದ ಶೆಲ್ಲನ್ನು ಕೇಸಿನ ಬಾಯಿಗೆ ಬಿಗಿಯಾಗಿ ಕೂರಿಸಿ, ಇಡಿಯ ಜೋಡಿ ಎಂದು ಮಾರುವವರ ಮಾತನ್ನು ನಂಬಬೇಡಿ. ದಪ್ಪನಾದ ಹೊಸ ಪೇಂಟ್ ಇದ್ದರಂತೂ ಬೇಡವೇ ಬೇಡ, ಅದರಡಿ ಏನಿದೆಯೋ ಬಲ್ಲವರಾರು. ಆ ಕಾಲದ ಶೆಲ್ಲಿನ ಮೂತಿಯ ಬಳಿ ಕೆಂಪು ಪಟ್ಟಿ ಇದ್ದರೆ ಸ್ಫೋಟಕ ತುಂಬಿದೆ ಎಂದರ್ಥ. ಶೆಲ್ಲಿನ ಸುತ್ತ ಇರುವ ತಾಮ್ರದ ಪಟ್ಟಿಯ ಮೇಲೆ ನಳಿಗೆಯ ಓರೆಗೀರುಗಳು ಮೂಡಿದ್ದೂ ಶೆಲ್ ಇಡಿಯಾಗಿದ್ದರೆ, ಅದು ತೋಪಿನಿಂದ ಹಾರಿಯೂ ಸಿಡಿಯದೆ ಉಳಿದದ್ದು; ಅದರಷ್ಟು ಅಪಾಯದ್ದು ಬೇರೊಂದಿಲ್ಲ.

ಚಿಕ್ಕಮಗಳೂರಿನಿಂದ:
1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬುದರೊಳಗೆ ಅದರ ಬಿಡಿಭಾಗಗಳೂ ಸೇರುತ್ತವೆ. ಜೊತೆಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45ನೆಯ ಕಲಮು ವಿನಾಯಿತಿ ನೀಡುತ್ತದೆ ನಿಜ, ಆದರೂ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿರುವುದು ಕ್ಷೇಮ. ತೋಟದ ಜೋಡುನಳಿಗೆ ಕೋವಿಯ ಲೈಸೆನ್ಸ್ .303ಕ್ಕೆ ಸಲ್ಲುವುದಿಲ್ಲ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನ ಕೆಲವರಿಗಿರುವ ವಿನಾಯಿತಿಯೂ ನಮ್ಮ ಎರಡು ಜಿಲ್ಲೆಗಳಿಗಿಲ್ಲ. ಖಾಲಿ ತೋಟೆಯನ್ನೂ ವಿಮಾನಕ್ಕೆ ಒಯ್ಯುವ ಚೀಲದಲ್ಲಿ ಮರೆತು ಇಡಬೇಡಿ.

ಸಕಲೇಶಪುರದಿಂದ, ಕೇಳಿದವರು:
ಎಲ್ಲರಿಗೂ ಕೃತಜ್ಞ. ಗುಂಡಿದ್ದ ಎರಡನ್ನೂ ಪೊಲೀಸರು ಬಂದು ಒಯ್ದರು. ಉಳಿದವುಗಳ ಪಟ್ಟಿ ಕೊಟ್ಟು ಸ್ವೀಕೃತಿ ಪಡೆದೆ. ಕೇಸಿನ ತಳದಲ್ಲಿ 25 ಪಿಆರ್ ಎಂದೇ ಇದೆ. ಬಾಯಂಚನ್ನು ಬೆಳಕಿಗೆ ಹಿಡಿದು ನೋಡಿದಾಗ, ಕೂದಲೆಳೆಯಂಥ ಬಿರುಕೊಂದು ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಆ ಪೆಟ್ಟಿಗೆ ಇಷ್ಟು ವರ್ಷವೂ ಇದ್ದದ್ದು ಕೊಟ್ಟಿಗೆಯ ಅಟ್ಟದ ಮೇಲೆ.