ಪದಚರ್ಚೆ: ತೋಟೆ ಅಳತೆಗೆ ತರುವ ‘ಡೈ’ಗೆ ಕನ್ನಡದಲ್ಲಿ ಏನನ್ನೋಣ? (ಅವಸರವಿದೆ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ನಾಳೆ ಬೆಳಿಗ್ಗೆ ಒಂದು ಬರಹ ಕೊಡಬೇಕು. ಬಂದೂಕಿನಲ್ಲಿ ಹಾರಿಸಿದ ತೋಟೆಗಳಿಗೆ (ಮದ್ದು, ಗುಂಡು ಕೂರುವ ಹಿತ್ತಾಳೆಯ ಕೊಳವೆ) ಮತ್ತೆ ಮದ್ದು ತುಂಬಿ ಬಳಸುವುದು ಅಮೆರಿಕದಲ್ಲಿ ಬಹಳ ಜನರ ಹವ್ಯಾಸ. ಅದಕ್ಕೆ ಮೊದಲು, ಉಬ್ಬಿದ ಖಾಲಿ ತೋಟೆಯನ್ನು ಒಂದು ಉಕ್ಕಿನ ಡೈ ಒಳಗೆ ಒತ್ತಿ ಅಳತೆಗೆ ತರಬೇಕು. ನನ್ನ ಬರಹ ಇರುವುದು ಸವೆದ ಹಳೇ ಡೈಗಳನ್ನು ಶುಚಿ ಮಾಡಿ ಸರಿಪಡಿಸುವ ಬಗ್ಗೆ. ಕೈಲಿರುವುದು ತರ್ಟಿ ಆಟ್ ಸಿಕ್ಸ್ ರೈಫಲಿನ ಜೊತೆ ಡೈ.

‘ಡೈ’ ಅಂತಲೇ ಬರೆದರೆ ನಮ್ಮೋರು ತಲೆಗೂದಲಿನ ಬಣ್ಣ ಅಂದುಕೊಳ್ಳುತ್ತಾರೆ. ತಲೆಬರಹದಲ್ಲಂತೂ ಅದು ಆಗದ ಮಾತು. ಇನ್ನೊಂದು, ಡೈ ಒಳಗೋಡೆಗೆ ಹಿತ್ತಾಳೆ ಹತ್ತಿಕೊಂಡು, ಮುಂದೆ ಹಾಕುವ ಪ್ರತಿ ತೋಟೆಯ ಮೈಮೇಲೂ ಉದ್ದಕ್ಕೆ ಗೀರು ಬೀಳುತ್ತದೆ. ಇದನ್ನು ಇಲ್ಲಿ ಗಾಲಿಂಗ್ ಅನ್ನುತ್ತಾರೆ. ಅದಕ್ಕೂ ಒಂದು ಪದ ಬೇಕು. ಸದ್ಯಕ್ಕೆ ‘ಮರುಭರ್ತಿ ಮೂಸೆಯ ಕಿಲುಬು ಬಿಡಿಸುವುದು’ ಅಂತ ಬರೆದಿಟ್ಟಿದ್ದೇನೆ.

—

ಉತ್ತರ:

ಡೈ ಅಂತಲೇ ಬರೆಯಿರಿ. ಪೀಣ್ಯದ ಯಾವ ಟೂಲ್ ರೂಮಿಗೆ ಬೇಕಾದರೂ ಹೋಗಿ ಕೇಳಿ, ಡೈ ಡೈಯೇ. ಪಿಸ್ತೂಲಿನ ನೇರ ತೋಟೆಯ ಡೈಗಳಲ್ಲಿ ಕಾರ್ಬೈಡ್ ಅನ್ನುವ ಬಹಳ ಗಟ್ಟಿ ವಸ್ತುವಿನ ಬಳೆ ಕೂರಿಸಿರುತ್ತಾರೆ, ಹಿತ್ತಾಳೆ ಅಂಟುವುದು ಕಡಿಮೆ. ನಾಳೆ ಕಾರ್ಬೈಡ್‌ಗೂ ಕನ್ನಡ ಹುಡುಕುತ್ತಾ ಕೂರುತ್ತೀರಾ? ಓದುವವರು ಇಂಜಿನಿಯರುಗಳು. ಅವರಿಗೆ ಅರ್ಥವಾಗುತ್ತದೆ.

—

ಉತ್ತರ:

> ಮರುಭರ್ತಿ ಮೂಸೆ

ಮೂಸೆ ಲೋಹ ಕರಗಿಸುವ ಪಾತ್ರೆ. ಇಲ್ಲಿ ಏನೂ ಕರಗುತ್ತಿಲ್ಲ. ಅಚ್ಚು ಅನ್ನಿ, ಮುಗೀತು. ಅಚ್ಚುಬೆಲ್ಲ, ಚಕ್ಕುಲಿ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚು ಎಲ್ಲವೂ ಬಾಯಲ್ಲಿವೆ. ಗಾಡಿಯ ಅಚ್ಚಿನ ಜೊತೆ ಗೊಂದಲ ಅಂತ ಯಾರಾದರೂ ಶುರು ಮಾಡುವ ಮುಂಚೆ ಹೇಳಿಬಿಡುತ್ತೇನೆ: ಆ ಅಚ್ಚು ಸಂಸ್ಕೃತದ ‘ಅಕ್ಷ’ದಿಂದ ಬಂದದ್ದು. ಒತ್ತುವ ಅಚ್ಚು ನಮ್ಮದೇ, ತಮಿಳಿನಲ್ಲೂ ಅಚ್ಚೇ. ಎರಡೂ ಬೇರೆ ಬೇರೆ ಪದ, ದನಿ ಒಂದೇ ಆಗಿದೆ ಅಷ್ಟೆ. ‘ಭರ್ತಿ’ಯನ್ನೂ ಕಿತ್ತುಹಾಕಿ. ಕೋವಿಯಂಥ ಪದ ಇಟ್ಟುಕೊಂಡವರು ನಾವು. ಕೊಳವಿ, ಕೋವಿ ಎರಡೂ ಕೊಳವೆಯೇ.

—

ಉತ್ತರ:

ಬರೀ ‘ಅಚ್ಚು’ ಸಾಲದು. ನಮ್ಮ ಮಲೆನಾಡಿನಲ್ಲಿ ಕೋವಿಯ ಮಾತು ಬಂದಾಗ ಅಚ್ಚು ಅಂದರೆ ಸೀಸ ಕರಗಿಸಿ ಗುಂಡು ಎರೆಯುವ ಅಚ್ಚು. ತೋಟೆ ತುಂಬುವವರ ಮೇಜಿನ ಮೇಲೆ ಆ ಅಚ್ಚೂ ಇರುತ್ತದೆ, ಈ ಡೈಯೂ ಇರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವರು ಯಾವುದಕ್ಕೆ ಪಾಲಿಶ್ ಹಚ್ಚಬೇಕು?

ಕೆಲಸ ನೋಡಿ ಹೆಸರಿಡಿ. ಎರೆದರೆ ಎರಕದಚ್ಚು. ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ತಟ್ಟೆಗೆ ಕಂಬಚ್ಚು ಅನ್ನುತ್ತಾರೆ, ಅದು ಎಳೆಯುವ ಅಚ್ಚು. ನಿಮ್ಮದು ಒತ್ತುವುದು, ಹಾಗಾಗಿ ಒತ್ತಚ್ಚು. ಈ ಬೇರೆತನ ಇಂಗ್ಲಿಷಿನಲ್ಲೂ ಉಂಟು. ನಿಮ್ಮ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಶುರು ಮಾಡಿದ, ತೋಟೆ ತುಂಬುವ ಸಲಕರಣೆಗಳ ಕಂಪನಿ ಆರ್‌ಸಿಬಿಎಸ್ ಇದೆಯಲ್ಲ, ಅದರ ಕೊನೆಯ ‘ಎಸ್’ ಅಂದರೆ ಸ್ವೇಜ್. ಗುಂಡನ್ನು ಎರೆಯದೆ ಒತ್ತಿ ಮಾಡುವ ಡೈ ಅದು.

ಕಿಲುಬು ಹಿಡಿಯುವುದು ಹಿತ್ತಾಳೆ, ತಾಮ್ರಕ್ಕೆ. ಡೈ ಉಕ್ಕಿನದು, ಅದಕ್ಕೆ ತುಕ್ಕು. ಒಳಗೆ ಅಂಟಿರುವುದು ಇವೆರಡೂ ಅಲ್ಲ, ಹಿತ್ತಾಳೆಯೇ. ‘ಹಿತ್ತಾಳೆ ಕಚ್ಚಿದೆ’ ಅನ್ನಿ. ಭರ್ತಿಯ ಜಾಗದಲ್ಲಿ ‘ಬಾರು ಮಾಡು’ ಇದೆ, ಮರುಬಾರು ಅನ್ನಬಹುದು.

—

ಉತ್ತರ:

ಬಾರು ಮರಾಠಿಯದು. ಭರ್ತಿ ಬೇಡ ಅಂದಮೇಲೆ ಬಾರು ಯಾಕೆ ಬೇಕು? ‘ಮರುತುಂಬು’ ಸಾಕು. ತೋಟೆಯ ಮೇಲೂ ನನಗೆ ಅನುಮಾನವಿದೆ. ತೆಲುಗಿನ ತೂಟಾ, ತಮಿಳಿನ ತೋಟ್ಟಾ, ಹಿಂದಿಯ ಟೋಟಾ, ಎಲ್ಲ ಒಂದೇ ಸರಕು.

—

ಉತ್ತರ:

ಆಗಲಿ. ಬಂದೂಕು ಅರಬ್ಬಿಯಿಂದ ಬಂತು, ಪಿರಂಗಿ ಫರಂಗಿಯವರ ಹೆಸರಿನಿಂದ ಬಂತು. ವಸ್ತು ಬಂದ ದಾರಿಯಲ್ಲೇ ಹೆಸರೂ ಬಂದಿದೆ. ಕೋವಿ ಹಿಡಿದವರು ತಲೆಮಾರುಗಳಿಂದ ‘ಬಾರು ಮಾಡು’ ಅಂತಿದ್ದಾರೆ. ಅವರ ಬಾಯಿಂದ ಅದನ್ನು ಕಿತ್ತುಕೊಂಡು, ಯಾರೂ ಆಡದ ಪದ ತುರುಕುವುದು ಕನ್ನಡದ ಕೆಲಸ ಅಲ್ಲ. ಪೀಣ್ಯದವರ ‘ಡೈ’ಗೂ ಇದೇ ನ್ಯಾಯ ಅನ್ನಬೇಡಿ. ಡೈ ಅಂದರೆ ಕೂದಲಿನ ಬಣ್ಣ ಅಂತ ಕೇಳಿದವರೇ ಹೇಳಿದ್ದಾರೆ. ಅರ್ಥ ಕೆಡುವ ಕಡೆ ಮಾತ್ರ ಹೊಸ ಪದ ಕಟ್ಟಬೇಕು.

—

ಉತ್ತರ:

ಯಾವ ಅರ್ಥವೂ ಕೆಡುವುದಿಲ್ಲ. ‘ಒತ್ತಚ್ಚು’ ಅಂದರೆ ನಮ್ಮ ಹುಡುಗರು ಒತ್ತಕ್ಷರ ಅಂದುಕೊಂಡಾರು. ಬೇಕಾದ್ದು ಬರೆದುಕೊಳ್ಳಿ, ಈ ಚರ್ಚೆಯಲ್ಲಿ ನಾನಿನ್ನು ಇಲ್ಲ.

—

ಕೇಳಿದವರು:

ಹೊತ್ತಾಯಿತು, ಹೀಗೆ ಕಳಿಸುತ್ತಿದ್ದೇನೆ. ‘ಒತ್ತಚ್ಚು’ ಪೂರ್ತಿ ಗುಂಪಿನ ಹೆಸರು. ತೋಟೆಯನ್ನು ಅಳತೆಗೆ ತರುವುದಕ್ಕೆ ‘ಅಳತೆಯಚ್ಚು’. ಡೈ ಅನ್ನುವುದನ್ನು ಮೊದಲ ಸಾಲಿನಲ್ಲಿ ಒಮ್ಮೆ ಹೇಳಿ ಬಿಟ್ಟಿದ್ದೇನೆ. ಬಾರು ಉಳಿಸಿಕೊಂಡಿದ್ದೇನೆ. ಓದಿ ಎಲ್ಲಾದರೂ ಎಡವಿದರೆ ಈಗಲೇ ಹೇಳಿ:

“ಅಳತೆಯಚ್ಚನ್ನು ಬಿಚ್ಚಿ ನಡುವಿನ ಕಡ್ಡಿ ತೆಗೆದಿಡಿ. ಒಳಗಿನ ಹಳೇ ಜಿಡ್ಡು, ಮಸಿ ಬಿಡುವವರೆಗೆ ಸಾಲ್ವೆಂಟ್‌ನಲ್ಲಿ ನೆನೆಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ. ಬೆಳಕಿಗೆ ಹಿಡಿದರೆ ಹಿತ್ತಾಳೆ ಕಚ್ಚಿದ ಜಾಗ ಹಳದಿ ಗೆರೆಯಾಗಿ ಕಾಣುತ್ತದೆ. ಫೆಲ್ಟ್ ತುದಿಗೆ ನಯವಾದ ಪಾಲಿಶ್ ಹಚ್ಚಿ, ಗೆರೆ ಹೋಗುವಷ್ಟು ಮಾತ್ರ ಉಜ್ಜಿ. ಜಾಸ್ತಿ ಉಜ್ಜಿದರೆ ಒಳಗಿನ ಅಳತೆಯೇ ದೊಡ್ಡದಾಗಿ ಅಚ್ಚು ಹಾಳಾಗುತ್ತದೆ. ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಎಣ್ಣೆ ಸವರಿಡಿ. ಮತ್ತೆ ಬಳಸುವ ಮುಂಚೆ ಆ ಎಣ್ಣೆ ಒರೆಸಿ ತೆಗೆಯಿರಿ. ತೋಟೆಯ ಮೈ ಕತ್ತಿನ ಕಡೆಗೆ ಕಿರಿದಾಗುವ ಹೆಗಲಿನ ಹತ್ತಿರ ಎಣ್ಣೆ ನಿಂತರೆ ತೋಟೆಗೆ ಗುಳಿ ಬೀಳುತ್ತದೆ.”

—

ಉತ್ತರ:

‘ಹೆಗಲು’ ಚೆನ್ನಾಗಿದೆ, ಬದಲಿಸಬೇಡಿ. ‘ಸಾಲ್ವೆಂಟ್’ ಬದಲು ಸೀಮೆಎಣ್ಣೆ ಅನ್ನಬಹುದಲ್ವಾ?